ಒಮ್ಮೆ ಹೋಗ್ತದ, ಒಮ್ಮೆ ಹೋಗಂಗಿಲ್ಲ

‘ಬ್ಯಾರೆ ಕಂಪನಿ ನಂಬರಿಗೆ ಒಮ್ಮೆ ಹೋಗ್ತದ, ಒಮ್ಮೆ ಹೋಗಂಗಿಲ್ಲ.’ ಗಂಗಾವತಿಯ ರೈಸ್ ಮಿಲ್ಲಿನಿಂದಾಗಲಿ, ಬಳ್ಳಾರಿಯ ಜೀನ್ಸ್ ಯೂನಿಟ್ಟಿನಿಂದಾಗಲಿ ಫೋನ್ ಕಾಲ್ ಬಗ್ಗೆ ದೂರು ಇಷ್ಟೇ ಬರುತ್ತದೆ. ಇಷ್ಟನ್ನೇ ಮುಂದೆ ಕಳಿಸಿದರೆ ಕಾಲ್ ಹೊರಟ ಕಂಪನಿ, ಮುಟ್ಟಬೇಕಾದ ಕಂಪನಿ ಎರಡೂ ಕಡೆಯವರು ‘ನಮ್ಮಲ್ಲಿ ಸರಿ ಇದೆ’ ಎಂದು ಟಿಕೆಟ್ (ದೂರಿನ ದಾಖಲೆ) ಮುಚ್ಚುತ್ತಾರೆ. ಫೇಲಾದ ಐದಾರು ಕಾಲ್‌ಗಳದಾದರೂ ಎರಡೂ ನಂಬರು, ಸೆಕೆಂಡಿನವರೆಗೆ ವೇಳೆ, ಕಿವಿಗೆ ಏನು ಕೇಳಿಸಿತು ಎಂಬುದು ಬೇಕು.

ಲ್ಯಾಂಡ್‌ಲೈನಿನಿಂದ ಮೊಬೈಲಿಗೆ 0 ಹಚ್ಚದೆ ಒತ್ತಿದ ಕಾಲ್‌ಗಳನ್ನು ಮೊದಲೇ ಪಟ್ಟಿಯಿಂದ ತೆಗೆಯಿರಿ; 2021ರ ಜನವರಿ 15ರಿಂದ 0 ಕಡ್ಡಾಯ. ಆಫೀಸಿನಲ್ಲಿ ಒಬ್ಬರು ಹಚ್ಚಿ, ಇನ್ನೊಬ್ಬರು ಹಚ್ಚದೆ ಒತ್ತಿದರೂ ದೂರು ಇದೇ ಆಗಿರುತ್ತದೆ.

ಉಳಿದವಕ್ಕೆ ರಿಲೀಸ್ ಕಾಸ್ (ಕಾಲ್ ಯಾಕೆ ಮುಗಿಯಿತು ಎಂದು ಹೇಳುವ ಸಂಖ್ಯೆ) ನೋಡಿ. 34 ಅಂದರೆ ಖಾಲಿ ಚಾನೆಲ್ ಸಿಕ್ಕಿಲ್ಲ. 1 ಅಂದರೆ ಇಂಥ ನಂಬರೇ ಇಲ್ಲ; ಚಾಲ್ತಿಯಲ್ಲಿರುವ ನಂಬರಿಗೆ ಅದು ಬಂದರೆ ನಂಬರು ಪೋರ್ಟ್ ಆಗಿದೆಯೇ, ಅಂದರೆ ಅದೇ ನಂಬರು ಬೇರೆ ಕಂಪನಿಗೆ ಹೋಗಿದೆಯೇ ಎಂದು ವಿಚಾರಿಸಿ. ನಂಬರು ಈಗ ಯಾವ ಕಂಪನಿಯಲ್ಲಿದೆ ಎಂದು ಹೇಳುವ ಪೋರ್ಟಿಂಗ್ ಸರ್ವರ್ ಕಾಲ್ ಹೊರಟ ಕಡೆ ಎರಡಿದ್ದು, ಒಂದರ ಡೇಟಾ ಹಳೆಯದಿದ್ದರೂ ಸಾಕು, ಅದೇ ನಂಬರು ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ.

ತಲೆ ತಿನ್ನುವುದು ರಿಂಗಾಗಿ, ಎತ್ತಿದ ಮೇಲೆ ಎರಡೂ ಕಡೆ ನಿಶ್ಶಬ್ದವಾಗುವ ಕಾಲ್. ಎರಡು ಕಂಪನಿಗಳ ಎಕ್ಸ್‌ಚೇಂಜ್ ಜೋಡಿಸುವ ಹಳೆಯ ಇ-ಒನ್ ಲಿಂಕ್‌ಗಳಲ್ಲಿ ಸಿಗ್ನಲಿಂಗ್ (ಕಾಲ್ ಜೋಡಿಸುವ ಸಂದೇಶಗಳು) ಒಂದು ದಾರಿ, ಮಾತು ಇನ್ನೊಂದು ದಾರಿ. ಒಂದು ಇ-ಒನ್‌ನ ಸರ್ಕ್ಯೂಟ್ ಸಂಖ್ಯೆಗಳು ಎರಡು ಎಕ್ಸ್‌ಚೇಂಜ್‌ಗಳಲ್ಲಿ ತಾಳೆಯಾಗದಿದ್ದರೆ ಸಿಗ್ನಲ್ ಸರಿಯಾಗಿ ಮುಟ್ಟುತ್ತದೆ, ಮಾತು ಬೇರೆ ಚಾನೆಲ್‌ಗೆ ಹೋಗುತ್ತದೆ. ಬಿಲ್ ಮಾತ್ರ ಓಡುತ್ತಲೇ ಇರುತ್ತದೆ! ಒಂದೊಂದರಲ್ಲಿ 30 ಮಾತಿನ ಚಾನೆಲ್‌ನಂತೆ ನಾಲ್ಕು ಇ-ಒನ್ ಇವೆ, ಅದರಲ್ಲಿ ಒಂದು ಹೀಗೆ ಕೆಟ್ಟಿದೆ ಎನ್ನಿ. ಸರದಿಯ ಮೇಲೆ ಹಂಚುವ ಸೆಟ್ಟಿಂಗ್ ಇದ್ದರೆ ಹೆಚ್ಚುಕಡಿಮೆ ನಾಲ್ಕಕ್ಕೊಂದು ಕಾಲ್ ಹೀಗಾಗುತ್ತದೆ. ಮೊದಲನೆಯದರಿಂದ ತುಂಬುತ್ತ ಬರುವ ಸೆಟ್ಟಿಂಗ್ ಇದ್ದು, ಕೆಟ್ಟದ್ದು ನಾಲ್ಕನೆಯದಾದರೆ, 90 ಕಾಲ್ ಒಟ್ಟಿಗೆ ನಡೆಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ರಾಯಚೂರಿನ ಹತ್ತಿ ಮಾರ್ಕೆಟ್ ರಂಗೇರಿದಾಗಷ್ಟೇ ದೂರು ಬರುತ್ತದೆ, ಎಲ್ಲರೂ ‘ಲೋಡ್ ಜಾಸ್ತಿ’ ಅನ್ನುತ್ತಾರೆ. ಲೋಡ್ ಆಗಿದ್ದರೆ 34 ಬರಬೇಕಿತ್ತು, ನಿಶ್ಶಬ್ದವಲ್ಲ. ರಾತ್ರಿ ಟ್ರಾಫಿಕ್ ಇಳಿದಾಗ ಮೂರನ್ನು ಬ್ಲಾಕ್ ಮಾಡಿ ಒಂದರಲ್ಲೇ ಟೆಸ್ಟ್ ಕಾಲ್ ಮಾಡಿ. ಹೀಗೆ ನಾಲ್ಕನ್ನೂ ನೋಡಿ.

ಇ-ಒನ್ ಬದಲು ಸಿಪ್ ಟ್ರಂಕ್ (ಇಂಟರ್‌ನೆಟ್ ಮಾದರಿಯ ಐಪಿ ಲಿಂಕ್) ಆಗಿದ್ದರೆ ಗಡಿಯಾರವೇ ಅರ್ಧ ಉತ್ತರ ಹೇಳುತ್ತದೆ. ಎತ್ತಿದ ಮೇಲೆ ಸರಿಯಾಗಿ 32 ಸೆಕೆಂಡಿಗೆ ಕಟ್ಟಾದರೆ ‘ಎತ್ತಿದ್ದು ಗೊತ್ತಾಯಿತು’ ಎನ್ನುವ ಆಕ್ ಸಂದೇಶ ಮುಟ್ಟಿಲ್ಲ; ಉತ್ತರ ಎಲ್ಲಿಗೆ ಕಳಿಸಬೇಕು ಎಂದು ಹೇಳುವ ಕಾಂಟ್ಯಾಕ್ಟ್ ಹೆಡರ್‌ನಲ್ಲಿ, ಹೊರಗಿನವರು ಮುಟ್ಟಲಾಗದ ಒಳಗಿನ ಪ್ರೈವೇಟ್ ಐಪಿ ವಿಳಾಸ ಹೋಗುತ್ತಿದೆಯೇ ನೋಡಿ. 15 ಅಥವಾ 30 ನಿಮಿಷಕ್ಕೆ ಕಟ್ಟಾದರೆ ಕಾಲ್ ಇನ್ನೂ ಇದೆಯೇ ಎಂದು ಆಗಾಗ ಖಚಿತಪಡಿಸಿಕೊಳ್ಳುವ ಸೆಷನ್ ಟೈಮರ್ ಮೇಲೆ ಅನುಮಾನಪಡಿ.

ಟಿಕೆಟ್‌ನಲ್ಲಿ ವೇಳೆಯ ಮುಂದೆ ‘ಭಾರತೀಯ ಕಾಲಮಾನ’ ಎಂದು ಬರೆಯಲೇಬೇಕು. ಆ ಕಡೆಯ ಕಂಪನಿಯ ಲಾಗ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ವೇಳೆ) ಇದ್ದರೆ ಐದೂವರೆ ಗಂಟೆ ಹಿಂದಿರುತ್ತದೆ. ನಿಮ್ಮ ಕಾಲ್ ಅವರಿಗೆ ಸಿಗುವುದೇ ಇಲ್ಲ.