ಮಳೆಗಾಲದಲ್ಲಿ ಒಂದು ಟಾರ್ ರಿಲೇ

ಸಕಲೇಶಪುರದ ನಮ್ಮ ಮನೆಯಲ್ಲಿ, ಟಿವಿ ಹಿಂದೆ, ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಇದೆ. ಎರಡು ವರ್ಷದಿಂದ ಅದರಲ್ಲಿ ಟಾರ್ ರಿಲೇ ಓಡಿಸುತ್ತಿದ್ದೇನೆ. ಟಾರ್ ಅಂದರೆ ಗುರುತು ಬಿಟ್ಟುಕೊಡದೆ ಇಂಟರ್ನೆಟ್ ಬಳಸಲು ಇರುವ ನೆಟ್‌ವರ್ಕ್, ರಿಲೇ ಅಂದರೆ ಅದರಲ್ಲಿ ಮಾಹಿತಿಯನ್ನು ಮುಂದಕ್ಕೆ ದಾಟಿಸುವ ಕಂಪ್ಯೂಟರ್. ಟಾರ್ ಬಳಸುವವರ ಮಾಹಿತಿ ಸಾಮಾನ್ಯವಾಗಿ ಮೂರು ರಿಲೇ ದಾಟಿ ವೆಬ್‌ಸೈಟ್ ಮುಟ್ಟುತ್ತದೆ. ಹೀಗಾಗಿ ಅವರು ಯಾರು, ಎಲ್ಲಿಯವರು ಅಂತ ಆ ವೆಬ್‌ಸೈಟ್‌ಗೆ ತಿಳಿಯುವುದಿಲ್ಲ.

"ಯಾರ್ಯಾರೋ ನಮ್ಮನೆ ಮೇಲೆ ಹಾದು ಹೋಗ್ತಾರಾ?" ಅಂತ ಅಮ್ಮ ಕೇಳಿದ್ದರು. ಹೌದು, ಆದರೆ ಏನು ಹೊತ್ತುಕೊಂಡು ಹೋಗುತ್ತಾರೆ ಅಂತ ನನಗೂ ಕಾಣುವುದಿಲ್ಲ. ನಮ್ಮದು ಎಕ್ಸಿಟ್ ರಿಲೇ, ಅಂದರೆ ದಾರಿಯ ಕೊನೆಯ ರಿಲೇ, ಅಲ್ಲ. ವೆಬ್‌ಸೈಟ್‌ಗಳಿಗೆ ಕಾಣುವುದು ಎಕ್ಸಿಟ್‌ನ ವಿಳಾಸ, ದೂರು ಬಂದರೂ ಅಲ್ಲಿಗೇ ಬರುತ್ತದೆ. ಅದನ್ನು ಮನೆಯಲ್ಲಿ ಇಡಲೇಬಾರದು.

ಹೋದ ಜುಲೈನಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿತ್ತು. ಒಂದು ರಾತ್ರಿ ಮೆಮೊರಿ ಕಾರ್ಡ್ ಸತ್ತೇ ಹೋಯಿತು. ಕಾರ್ಡ್ ಹೋಗಿದ್ದಕ್ಕೆ ಬೇಜಾರಿಲ್ಲ. ಆದರೆ ರಿಲೇಯ ಕೀಗಳು, ಅಂದರೆ ಗುಟ್ಟಿನ ಫೈಲ್‌ಗಳು, ಇದ್ದ ಫೋಲ್ಡರ್‌ನ ಬ್ಯಾಕಪ್ ನನ್ನ ಹತ್ತಿರ ಇರಲಿಲ್ಲ. ರಿಲೇಯ ಗುರುತು ಇರುವುದು ಆ ಕೀಯಲ್ಲೇ. ಅದೇ ಹೆಸರಿಟ್ಟು ಮತ್ತೆ ಶುರು ಮಾಡಿದರೂ ನೆಟ್‌ವರ್ಕ್‌ಗೆ ನಾನು ಹೊಸಬ. ಮೊದಲ ಮೂರು ದಿನ ಹೆಚ್ಚು ಕಡಿಮೆ ಖಾಲಿ. ರಿಲೇಯ ವೇಗದ ಅಳತೆ ಆಗಬೇಕು, ನೆಟ್‌ವರ್ಕ್‌ಗೆ ನಂಬಿಕೆ ಬರಬೇಕು, ಪೂರ್ತಿ ಟ್ರಾಫಿಕ್ ಬರಲು ಎರಡು ತಿಂಗಳು ಬೇಕು. ಒಂದೂವರೆ ವರ್ಷ ಕೂಡಿಸಿದ್ದು ಒಂದೇ ರಾತ್ರಿಗೆ ಹೋಯಿತಲ್ಲ ಅಂತ ತುಂಬಾ ಸಂಕಟವಾಯಿತು.

ಈಗ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿದ್ದೇನೆ. ಪೈ, ರೌಟರ್, ಫೈಬರ್ ಡಬ್ಬಿ ಮೂರೂ ಯುಪಿಎಸ್ ಮೇಲಿವೆ. ಪಾಸ್‌ವರ್ಡ್ ಹಾಕಿದ ಕೀ ಎರಡು ಪೆನ್‌ಡ್ರೈವ್‌ಗಳಲ್ಲಿದೆ. ಒಂದು ಮನೆಯ ಬೀರುವಿನಲ್ಲಿ, ಇನ್ನೊಂದು ಹಾಸನದ ನನ್ನ ರೂಮಿನಲ್ಲಿ. ರಿಲೇ ಇಡುವವರು ಮೊದಲ ದಿನವೇ ಈ ಕೆಲಸ ಮಾಡಿ.

ಸಿಡಿಲಿಗೆ ಮಾತ್ರ ಯುಪಿಎಸ್ ಸಾಲದು, ಪ್ಲಗ್ ಕೀಳಲೇಬೇಕು. ನಾನು ವಾರವಿಡೀ ಹಾಸನದಲ್ಲಿರುತ್ತೇನೆ. ಗುಡುಗು ಶುರುವಾದರೆ ಅಮ್ಮ ಫೋನ್ ಮಾಡುತ್ತಾರೆ. ನಾನು ಇಲ್ಲಿಂದಲೇ ರಿಲೇ ನಿಲ್ಲಿಸುತ್ತೇನೆ. ಟಾರ್ ತಕ್ಷಣ ನಿಲ್ಲುವುದಿಲ್ಲ. ಹೊಸಬರನ್ನು ಒಳಗೆ ಬಿಡದೆ, ಇದ್ದವರಿಗಾಗಿ 30 ಸೆಕೆಂಡ್ ಕಾಯುತ್ತದೆ. ಆಮೇಲೆ ಪೈ ಆಫ್ ಆಗಬೇಕು.

ಮೊನ್ನೆ ಸಂಜೆ ದೊಡ್ಡ ಗುಡುಗು ಫೋನಿನಲ್ಲೇ ಕೇಳಿಸಿತು. ಗಾಬರಿಯಾಗಿ, "ಅಮ್ಮ, ಕಿತ್ತುಬಿಡಿ, ಪರವಾಗಿಲ್ಲ" ಅಂದೆ.

"ಇರು ಮಗಾ, ಒಳಗಿರೋರು ದಾಟ್ಲಿ" ಅಂದರು. ಮೂವತ್ತರವರೆಗೂ ಎಣಿಸಿದ್ದು ನನಗೆ ಕೇಳಿಸುತ್ತಿತ್ತು.