ದಪ್ಪ ಪಾದದ ಅಕ್ಷರಗಳು

ಇಂದು ಒಂದು ಪೋಸ್ಟರಿಗೆ ಫಾಂಟ್ ಆರಿಸುವಾಗ ಮತ್ತೆ ಸ್ಲ್ಯಾಬ್ ಸೆರಿಫ್ ಎಂಬ ಅಕ್ಷರಶೈಲಿಯ ಬಳಿಗೇ ಬಂದು ನಿಂತೆ. ಅಕ್ಷರದ ಕಂಬದ, ಎಂದರೆ ಲಂಬ ಗೆರೆಯ, ತುದಿಗೆ ಪಾದದಂತೆ ಬರುವ ಅಡ್ಡಗೆರೆ ಇದರಲ್ಲಿ ತೆಳುವಾಗಿ ಚೂಪಾಗುತ್ತ ಹೋಗದೆ, ಹೆಚ್ಚುಕಡಿಮೆ ಕಂಬದಷ್ಟೇ ದಪ್ಪವಾಗಿ ನಿಲ್ಲುತ್ತದೆ. ಹೀಗಾಗಿ ದೂರದಿಂದ ನೋಡಿದರೂ, ಒರಟು ಕಾಗದದ ಮೇಲೆ ಶಾಯಿ ತುಸು ಹರಡಿದರೂ ಅಕ್ಷರದ ಆಕಾರ ಸುಲಭವಾಗಿ ಕೆಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಅಚ್ಚುಮೊಳೆ ತಯಾರಕರು ರೂಪಿಸಿದ ಈ ಶೈಲಿ ಜಾಹೀರಾತಿನ ಭಿತ್ತಿಪತ್ರಗಳಲ್ಲಿ ಮೆರೆದದ್ದು ಈ ಗಟ್ಟಿತನದಿಂದಲೇ. 1845ರಲ್ಲಿ ರಾಬರ್ಟ್ ಬೆಸ್ಲಿ ಹೊರತಂದ ಇದೇ ಶೈಲಿಯ ಫಾಂಟ್ ಕ್ಲಾರೆಂಡನ್‌ನಲ್ಲಿ ಕಂಬವೂ ಪಾದವೂ ಸೇರುವ ಮೂಲೆ ಮೃದುವಾಗಿ ಬಾಗಿದೆ. 1934ರ ರಾಕ್‌ವೆಲ್‌ನಲ್ಲಿ ಅದೇ ಮೂಲೆ ಸ್ಕೇಲು ಹಿಡಿದು ಎಳೆದಂತೆ ನೇರ. ನನಗೆ ಕ್ಲಾರೆಂಡನ್ನೇ ಹೆಚ್ಚು ಪ್ರಿಯ.

ಎಲ್ಲ ಅಕ್ಷರಗಳಿಗೂ ಒಂದೇ ಅಗಲ ಕೊಡಬೇಕಿದ್ದ ಬೆರಳಚ್ಚು ಯಂತ್ರಗಳಿಗೆಂದು ರೂಪುಗೊಂಡ ಸ್ಲ್ಯಾಬ್ ಫಾಂಟ್ ಕೊರಿಯರ್‌ನಲ್ಲಿ, ಸಪೂರವಾದ ಇಂಗ್ಲಿಷ್ ‘ಐ’ ಅಕ್ಷರದ ಎರಡೂ ಬದಿ ಉಳಿಯುವ ಖಾಲಿ ಜಾಗವನ್ನು ಉದ್ದನೆಯ ಪಾದಗಳು ತುಂಬಿರುವ ಜಾಣ್ಮೆಯನ್ನು ನೋಡಿ ಈಗಲೂ ಸಂತೋಷವಾಗುತ್ತದೆ. ಆದರೆ ದಪ್ಪ ಸ್ಲ್ಯಾಬ್‌ನಲ್ಲಿ ಪುಟಗಟ್ಟಲೆ ಓದಿಸುವುದು ಕಣ್ಣಿಗೆ ಶಿಕ್ಷೆ. ಅದನ್ನು ಶೀರ್ಷಿಕೆಗೆ ಮೀಸಲಿಟ್ಟು, ಒಳಪಠ್ಯಕ್ಕೆ ಹಗುರವಾದ ರೂಪವನ್ನು ಸಾಲುಗಳ ನಡುವೆ ತುಸು ಹೆಚ್ಚು ಅಂತರ ಬಿಟ್ಟು ಬಳಸುವುದು ಸರಿಯೆಂದು ನನ್ನ ಅಭಿಪ್ರಾಯ.