ಮೊಗ್ಗಲ್ಲೇನಿರ್ತದೆ

17 ಮೇ 2024, ಶುಕ್ರವಾರ
ಚಿಕ್ಕಬಳ್ಳಾಪುರ

ಅಣ್ಣನ ಮಗ ಬಂದು ಮೂರು ದಿನವಾಯ್ತು. ಅಡುಗೆಮನೆ ಕಟ್ಟೆ ಮೇಲೆ ಹಾಲಿನ ಪಾತ್ರೆಗೂ ಜಾಗವಿಲ್ಲ, ಬರೀ ಗಾಜಿನ ಸೀಸೆಗಳು. ಎಂಎಸ್ಸಿ ಪ್ರಾಜೆಕ್ಟಂತೆ. ಹೂವನ್ನ ಕಣ್ಣಲ್ಲಿ ನೋಡದೆ, ವಾಸನೆಯಿಂದಲೇ ಯಾವ ಗಿಡದ್ದು ಅಂತ ಹೇಳಬೇಕು. ಅದೂ ಮೂಗಿನಿಂದಲ್ಲ, ಮಷೀನಿನಿಂದ.

ಬೆಳಿಗ್ಗೆ ಇವನನ್ನ ಹೂವಿನ ಅಜ್ಜಿ ಹತ್ರ ಕರ್ಕೊಂಡು ಹೋದೆ. ಹೋದವನು ಸುಮ್ಮನಿರಬೇಕೋ ಬೇಡವೋ! "ಅಜ್ಜಿ, ಈ ಮಲ್ಲಿಗೆಯಲ್ಲಿ ಕಾಕಡ ಹೂ ಬೆರೆಸಿಲ್ಲ ತಾನೇ?" ಅಂದುಬಿಟ್ಟ. ಶುಕ್ರವಾರದ ವ್ಯಾಪಾರದ ಹೊತ್ತು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಬಿತ್ತು ಮಂಗಳಾರತಿ. ನಾನು ಚೌಕಾಸಿ ಮಾಡದೆ ಎರಡು ಮೊಳ ಜಾಸ್ತಿನೇ ತಗೊಂಡೆ, ನಾಚಿಕೆಗೆ.

ಇವನು ಚಿಮಟದಲ್ಲಿ ಹತ್ತು ದುಂಡುಮಲ್ಲಿಗೆ ಮೊಗ್ಗು ಎತ್ತಿ ಸೀಸೆಗೆ ಹಾಕಿ ಮುಚ್ಚಳ ಬಿಗಿದಾಗ ಅಜ್ಜಿಗೆ ಕೋಪ ಹೋಗಿ ನಗು ಬಂತು.

"ಮೊಗ್ಗಲ್ಲೇನಿರ್ತದಪ್ಪಾ? ದೀಪ ಹಚ್ಚೋ ಹೊತ್ತಿಗೆ ಬಾಯಿ ಬಿಡ್ತದೆ. ಆಗ ಮುಚ್ಕೋ ನಿನ್ನ ಸೀಸೆ."

ದಾರಿಯುದ್ದಕ್ಕೂ ಹುಡುಗನ ಬಾಯಲ್ಲಿ ಮಾತಿಲ್ಲ. ಮನೆ ಹತ್ರ ಬಂದ ಮೇಲೆ, "ಅತ್ತೆ, ಹೋದ ವಾರ ಬೆಳಗಿನ ಮೊಗ್ಗೇ ಹಾಕಿದ್ದೆ. ಗ್ರಾಫಲ್ಲಿ ಗೆರೆ ಏಳಲೇ ಇಲ್ಲ. ಮಷೀನ್ ಕೆಟ್ಟಿದೆ ಅಂದ್ಕೊಂಡೆ" ಅಂದ.

ಸೀಸೆಯೊಳಗಿನ ಗಾಳಿಯನ್ನ ಒಂದು ಸೂಜಿ ಹೀರಿಕೊಳ್ಳುತ್ತಂತೆ. ಆಮೇಲೆ ಅದು ಕೂದಲಿನಷ್ಟು ತೆಳ್ಳಗಿನ, ಸುರುಳಿ ಸುತ್ತಿದ ಕೊಳವೆಯಲ್ಲಿ ಓಡಬೇಕು. ಬಿಚ್ಚಿದರೆ 30 ಮೀಟರ್! ಬೇಗ ಆವಿಯಾಗುವುದು ಮೊದಲು ಹೊರಗೆ, ನಿಧಾನದ್ದು ಕೊನೆಗೆ. ಬಂದದ್ದನ್ನೆಲ್ಲ ಮಷೀನು ಒಡೆದು, ಚೂರುಗಳ ತೂಕ ನೋಡಿ ಹೆಸರು ಹೇಳುತ್ತೆ. ಮಲ್ಲಿಗೆಯಲ್ಲಿ ಲಿನಲೂಲ್ ಅನ್ನೋ ಘಮದ ವಸ್ತು ಸಿಗುತ್ತಂತೆ. ಧನಿಯಾದಲ್ಲೂ ಅದೇ ಜಾಸ್ತಿಯಂತೆ. ಹಾಗಾದ್ರೆ ಗುರುತು ಹೇಗೋ ಅಂದೆ. ಒಂದರಿಂದ ಆಗಲ್ಲ ಅತ್ತೆ, ಬೆಂಜೈಲ್ ಅಸಿಟೇಟ್ ಎಷ್ಟು, ಇಂಡೋಲ್ ಎಷ್ಟು, ಎಲ್ಲದರ ಪಾಲು ನೋಡಬೇಕು ಅಂದ. ಅಲ್ವೇ, ನಮ್ಮಮ್ಮನ ಹುಳಿಗೂ ನನ್ನ ಹುಳಿಗೂ ಹಾಕೋದು ಅದದೇ ಸಾಮಾನು.

ಇಂಡೋಲ್ ಮಲದಲ್ಲೂ ಇರುತ್ತೆ ಅಂತ ಊಟಕ್ಕೆ ಕೂತಾಗ ಹೇಳಬೇಕಿತ್ತಾ ಇವನು? ತುಸುವೇ ಇದ್ದರೆ ಹೂವಿನ ಘಮವಂತೆ. ದೇವರಿಗೆ ಮುಡಿಸಿದ ಮಾಲೆ ಕಡೆ ಒಂದು ಸಲ ನೋಡಿದೆ. ಸಂಪಿಗೆಯಲ್ಲೂ ಇದೆ ಅಂದ. ಸಾಕು ಮಾರಾಯ, ಮಜ್ಜಿಗೆ ಬಡಿಸ್ತೀನಿ ಅಂದೆ.

ಅಣ್ಣನ ಫೋನ್ ಬಂದಿತ್ತು. ಇದನ್ನೆಲ್ಲ ಓದಿದ್ರೆ ಕೆಲಸ ಸಿಗುತ್ತೇನೇ ಅಂದ. ನನಗೇನು ಗೊತ್ತು! ಸಿಗುತ್ತೆ ಅಂದೆ.

ಈಗ ರಾತ್ರಿ ಹತ್ತೂಕಾಲು. ನನ್ನ ಜಡೆಯಲ್ಲಿರೋದು ಪೂರ್ತಿ ಅರಳಿ ತಲೆ ತಿರುಗೋ ಹಾಗೆ ಘಮಘಮ. ಸೀಸೆಯ ಮೊಗ್ಗು ಮೂರು ಬಿರಿದಿವೆ, ಗಾಜಿನ ಒಳಗೆಲ್ಲ ಮಂಜು. ಇವನು ಸೂಜಿ ಪಕ್ಕದಲ್ಲೇ ಇಟ್ಕೊಂಡು ನಿದ್ದೆ ಹೋಗಿದಾನೆ. ಎಬ್ಬಿಸಿದ್ರೆ ಬೆಳಗಿನ ತನಕ ಲೈಟ್ ಆರಿಸಲ್ಲ, ಎಬ್ಬಿಸದಿದ್ರೆ ನಾಳೆ ಮತ್ತೆ ಆ ಅಜ್ಜಿ ಮುಂದೆ ನಿಲ್ಲಬೇಕು.